ಮಗುವಿನ ಜೀವನಾಂಶ ಚೌಕಾಸಿಯ ಸರಕಲ್ಲ

ವಿಚ್ಛೇದನವಾದ ಮೇಲೆ ಮಗುವಿಗೆಂದು ಕೊಡುವ ಜೀವನಾಂಶವನ್ನು ಮಾಜಿ ಗಂಡ ಮಾಜಿ ಹೆಂಡತಿಗೆ ತೆರುವ ದಂಡ ಎಂದು ಬಗೆಯುವ ರೂಢಿ ಹಿರಿಯರ ಪಂಚಾಯಿತಿಯಿಂದ ಹಿಡಿದು ವಕೀಲರ ಕಚೇರಿಯವರೆಗೆ ಎಲ್ಲೆಡೆ ಇದೆ. ‘ಅವಳಿಗೂ ಸಂಬಳ ಬರುತ್ತಲ್ಲ, ನಾನ್ಯಾಕೆ ಕೊಡಬೇಕು?’ ‘ಮಗು ಮುಖ ತೋರಿಸಲ್ಲ ಅಂದ್ಮೇಲೆ ದುಡ್ಡು ಯಾಕೆ?’ ‘ಏನೂ ಬೇಡ ಅಂತ ಅವಳೇ ಸಹಿ ಹಾಕಿದ್ದಾಳೆ.’ ‘ಇನ್ನೊಂದು ಮದುವೆ ಆದಳು, ಇನ್ನು ಅವನೇ ನೋಡಿಕೊಳ್ಳಲಿ.’ ಮೇಲ್ನೋಟಕ್ಕೆ ಇವು ಬೇರೆ ಬೇರೆ ವಾದಗಳು. ಬುಡದಲ್ಲಿರುವುದು ಒಂದೇ ತಪ್ಪು: ಹಣ ಸಲ್ಲುವುದು ತಾಯಿಗೆ, ಮಗು ಬರೀ ನೆಪ ಎಂಬ ನಂಬಿಕೆ. ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಈ ನಂಬಿಕೆಯ ಮೇಲೆಯೇ ದಿನನಿತ್ಯ ರಾಜಿಗಳು ನಡೆಯುತ್ತವೆ, ಅದರ ಬೆಲೆಯನ್ನು ಆ ಮಾತುಕತೆಯಲ್ಲಿ ಕೂತೇ ಇರದ ಮಗು ತೆರುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಅಪ್ರಾಪ್ತ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ, ತಾಯಿ ಇಬ್ಬರ ಮೇಲೂ ಹೊರಿಸುತ್ತದೆ. ಅವರ ನಡುವೆ ಮದುವೆ ನಡೆದಿತ್ತೇ, ಈಗ ಒಟ್ಟಿಗಿದ್ದಾರೆಯೇ ಎಂದು ಅದು ಕೇಳುವುದಿಲ್ಲ. ಮದುವೆಯಾಚೆ ಹುಟ್ಟಿದ ಮಗುವಿಗೂ ಅದೇ ಹಕ್ಕು. ಅದೇ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಜೀವನಾಂಶದಲ್ಲಿ ಊಟ, ಬಟ್ಟೆ, ವಸತಿ, ಶಿಕ್ಷಣ, ಚಿಕಿತ್ಸೆ ಎಲ್ಲವೂ ಸೇರುತ್ತವೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸಂಗಾತಿಯ ಜೀವನಾಂಶಕ್ಕೆ 24 ಮತ್ತು 25ನೇ ಸೆಕ್ಷನ್‌ಗಳಿದ್ದರೆ, ಮಕ್ಕಳ ಪಾಲನೆ, ಪೋಷಣೆ, ಶಿಕ್ಷಣಕ್ಕೆ 26ನೇ ಸೆಕ್ಷನ್ ಬೇರೆಯೇ ಇದೆ. ಕಾಯ್ದೆ ಬರೆದವರು ಎರಡನ್ನೂ ಒಂದೇ ಚೀಲಕ್ಕೆ ತುಂಬಲಿಲ್ಲ. ತುಂಬಿದವರು ಆಮೇಲೆ ಬಂದವರು.

ಎಲ್ಲ ಧರ್ಮದವರಿಗೂ ಅನ್ವಯವಾಗುವ ದಾರಿಯೊಂದಿದೆ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಎಂದು ಕೋರ್ಟಿಗೆ ಓಡಾಡಿದವರಿಗೆಲ್ಲ ಗೊತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದು. ಪತ್ನಿ ವ್ಯಭಿಚಾರದಲ್ಲಿದ್ದರೆ, ಸಕಾರಣವಿಲ್ಲದೆ ಗಂಡನ ಜೊತೆ ಬಾಳಲು ಒಲ್ಲೆನೆಂದರೆ, ಇಬ್ಬರೂ ಒಪ್ಪಿ ಬೇರೆಯಾಗಿ ವಾಸಿಸುತ್ತಿದ್ದರೆ ಅವಳಿಗೆ ಜೀವನಾಂಶ ಸಿಗದು ಎಂದು ಈ ಕಾನೂನು ಹೇಳುತ್ತದೆ. ಈ ಮೂರೂ ಅನರ್ಹತೆಗಳು ಪತ್ನಿಗೆ ಮಾತ್ರ. ಮಗುವಿನ ಹಕ್ಕಿಗೆ ಅಂಥ ಒಂದೇ ಒಂದು ಷರತ್ತೂ ಇಲ್ಲ. ತಾಯಿಯ ನಡತೆಯ ಬಗ್ಗೆ ಪುಟಗಟ್ಟಲೆ ಆರೋಪ ಬರೆದು, ಕೊನೆಯಲ್ಲಿ ‘ಆದ್ದರಿಂದ ಮಗುವಿಗೂ ಜೀವನಾಂಶ ಕೊಡಬೇಕಾಗಿಲ್ಲ’ ಎಂದು ಮುಗಿಸುವ ಆಕ್ಷೇಪಣೆಗಳು ಈ ಒಂದು ಅಂಶದ ಮುಂದೆಯೇ ಬಿದ್ದುಹೋಗುತ್ತವೆ.

ಮಗುವಿನ ಹಕ್ಕಿಗೆ ಅತಿ ದೊಡ್ಡ ಪೆಟ್ಟು ಬೀಳುವುದು ಜಗಳದಿಂದ ಆದ ವಿಚ್ಛೇದನದಲ್ಲಿ ಅಲ್ಲ, ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ. ಎರಡೂ ಕಡೆಯ ಹಿರಿಯರು, ವಕೀಲರು ಸೇರಿ ರಾಜಿಪತ್ರ ಸಿದ್ಧಪಡಿಸುತ್ತಾರೆ. ಅದರಲ್ಲಿ ಹೆಚ್ಚುಕಡಿಮೆ ಹೀಗೊಂದು ಸಾಲು ಇರುತ್ತದೆ: ಪತ್ನಿಗೂ ಮಗುವಿಗೂ ಸೇರಿ ಇಷ್ಟು ಹಣವನ್ನು ಒಂದೇ ಗಂಟಾಗಿ ಕೊಡಲಾಗಿದೆ, ಇನ್ನು ಮುಂದೆ ಪತ್ನಿಯಾಗಲಿ ಮಗುವಾಗಲಿ ಪತಿಯ ಮೇಲೆ ಯಾವ ಹಕ್ಕನ್ನೂ ಸಾಧಿಸತಕ್ಕದ್ದಲ್ಲ. ಎಷ್ಟೋ ಪತ್ರಗಳಲ್ಲಿ ಆ ಇಡಿಗಂಟೂ ಇರುವುದಿಲ್ಲ. ಮಗುವನ್ನು ತಾಯಿಗೆ ಬಿಟ್ಟುಕೊಡುವುದೇ ಅಪ್ಪ ಮಾಡಿದ ಉಪಕಾರವೆಂದೂ, ಅದಕ್ಕೆ ಪ್ರತಿಯಾಗಿ ಅವಳು ದುಡ್ಡು ಕೇಳಬಾರದೆಂದೂ ಒಪ್ಪಂದವಾಗಿರುತ್ತದೆ. ‘ಮಗು ಬೇಕಾ, ದುಡ್ಡು ಬೇಕಾ’ ಎಂದು ತಾಯಿಯ ಮುಂದೆ ಇಡುವ ಈ ಆಯ್ಕೆ ನ್ಯಾಯವಲ್ಲ, ಬಲವಂತ. ಮಗುವಿಗೆ ಅಮ್ಮನೂ ಬೇಕು, ಅನ್ನವೂ ಬೇಕು.

ಇಡಿಗಂಟಿನ ಲೆಕ್ಕವನ್ನೇ ಬಿಡಿಸಿ ನೋಡಬಹುದು. ಮೂರು ವರ್ಷದ ಮಗುವಿಗೆ 2 ಲಕ್ಷ ರೂಪಾಯಿ ಎಂದು ತೀರ್ಮಾನವಾಯಿತು ಎಂದುಕೊಳ್ಳೋಣ. ಆ ಮಗುವಿಗೆ 18 ತುಂಬುವವರೆಗೆ 15 ವರ್ಷ, ಅಂದರೆ 180 ತಿಂಗಳು. ತಿಂಗಳಿಗೆ ಬಂದದ್ದು 1,111 ರೂಪಾಯಿ. ಹಣವನ್ನು ಬ್ಯಾಂಕಿನಲ್ಲಿಟ್ಟು ಶೇಕಡಾ 7ರ ಬಡ್ಡಿ ಸೇರಿಸಿ, ಅಸಲನ್ನೂ ಕರಗಿಸುತ್ತ ಹೋದರೂ ತಿಂಗಳಿಗೆ ಸಿಗುವುದು ಸುಮಾರು 1,800. ಈ ಮೊತ್ತ ಹದಿನೈದನೇ ವರ್ಷದಲ್ಲೂ ಅಷ್ಟೇ ಇರುತ್ತದೆ. ಶಾಲೆಯ ಶುಲ್ಕ, ವ್ಯಾನಿನ ಬಾಡಿಗೆ, ಹಾಲಿನ ಬೆಲೆ ಹಾಗೆ ನಿಲ್ಲುವುದಿಲ್ಲ. ಸಹಿ ಹಾಕುವ ಹೊತ್ತಿಗೆ 2 ಲಕ್ಷ ದೊಡ್ಡ ಮೊತ್ತವಾಗಿ ಕಾಣುತ್ತದೆ. ಮಗು ಐದನೇ ತರಗತಿಗೆ ಬರುವ ಮೊದಲೇ, ತಾಯಿ ಬಾಡಿಗೆ ಮನೆಯ ಅಡ್ವಾನ್ಸ್ ಕೊಟ್ಟು, ತವರಿನ ಸಾಲ ತೀರಿಸಿದ ಮೇಲೆ, ಅದರಲ್ಲಿ ಏನೂ ಉಳಿದಿರುವುದಿಲ್ಲ.

ಆದರೆ ಆ ರಾಜಿಪತ್ರದ ಸಾಲಿಗೆ ಮಗುವನ್ನು ಕಟ್ಟಿಹಾಕುವ ಬಲವಿಲ್ಲ. ತನ್ನ ಪಾಲಿನ ಜೀವನಾಂಶವನ್ನು ತಾಯಿ ಬಿಟ್ಟುಕೊಡಬಹುದು, ಮಗುವಿನ ಪಾಲನ್ನು ಬಿಟ್ಟುಕೊಡುವ ಅಧಿಕಾರ ಅವಳಿಗಿಲ್ಲ ಎಂಬುದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿರುವ ಮಾತು. ವಿಚ್ಛೇದನದ ಡಿಕ್ರಿ ಆದ ಮೇಲೂ ಮಗುವಿನ ಪರವಾಗಿ ಅರ್ಜಿ ಹಾಕಬಹುದು. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಡಿಕ್ರಿಯ ನಂತರದ ಆದೇಶಗಳಿಗೂ ಜಾಗ ಇಟ್ಟಿದೆ. ಹಾಗಿದ್ದೂ ಈ ಸಾಲನ್ನು ಪ್ರತಿ ರಾಜಿಪತ್ರಕ್ಕೂ ಹಳೆಯ ಕರಡಿನಿಂದ ಎತ್ತಿ ಸೇರಿಸುತ್ತ ಬಂದಿರುವುದು ಬೇಜವಾಬ್ದಾರಿ. ಓದಿದ ತಾಯಿ ಕೂಡ ತಾನು ಸಹಿ ಹಾಕಿಯಾಯಿತು, ಇನ್ನು ದಾರಿಯಿಲ್ಲ ಎಂದು ಸುಮ್ಮನಾಗುತ್ತಾಳೆ.

ಸುಮ್ಮನಾಗಲು ಇನ್ನೊಂದು ಕಾರಣವನ್ನು ತವರಿನವರೇ ಒದಗಿಸುತ್ತಾರೆ. ‘ಅವನ ಬಿಡಿಗಾಸೂ ನಮಗೆ ಬೇಡ, ನಮ್ಮ ಹುಡುಗಿಗೆ ಸ್ವಾಭಿಮಾನ ಇದೆ’ ಎಂಬ ಮಾತಿಗೆ ಸಮಾಜದಲ್ಲಿ ಭಾರೀ ಮರ್ಯಾದೆ. ತನ್ನ ಹಣವನ್ನು ಬೇಡವೆನ್ನುವುದು ಸ್ವಾಭಿಮಾನ ಇರಬಹುದು. ಮಗುವಿನ ಹಣವನ್ನು ಬೇಡವೆನ್ನುವುದು ಬೇರೆಯವರ ಆಸ್ತಿಯನ್ನು ದಾನ ಮಾಡಿದಂತೆ. ಹೀಗೆ ಹೆಮ್ಮೆಪಟ್ಟವರ ಮನೆಯಲ್ಲೇ ಹತ್ತು ವರ್ಷದ ನಂತರ, ಹುಡುಗ ಸೈನ್ಸ್ ತಗೊಳ್ಳಲೇ ಎಂದು ಕೇಳಿದಾಗ ಅಜ್ಜನ ಪಿಂಚಣಿಯತ್ತ ಎಲ್ಲರ ಕಣ್ಣು ಹೋಗುತ್ತದೆ.

ಮಗುವನ್ನು ನೋಡಲು ಬಿಡುತ್ತಿಲ್ಲ ಎಂಬ ದೂರು ಹಲವು ತಂದೆಯರ ಪಾಲಿಗೆ ನಿಜವಾದ ನೋವು. ಭಾನುವಾರ ಬೆಳಿಗ್ಗೆ ಬಂದು ಬಾಗಿಲು ತಟ್ಟಿ, ಮಗು ಊರಲ್ಲಿಲ್ಲ ಎಂಬ ಉತ್ತರ ಕೇಳಿ ವಾಪಸು ಹೋಗುವವನ ಸಂಕಟವನ್ನು ಹಗುರವಾಗಿ ಕಾಣುವಂತಿಲ್ಲ. ಅದಕ್ಕೆ ಪರಿಹಾರವೂ ಇದೆ: ಭೇಟಿಯ ಆದೇಶ ಪಾಲನೆಯಾಗದಿದ್ದರೆ ಅದೇ ಕೌಟುಂಬಿಕ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ ಹಾಕಬಹುದು, ಭೇಟಿಯ ದಿನ, ಜಾಗ, ವೇಳೆ ಬದಲಿಸಿಕೊಳ್ಳಬಹುದು, ಪಾಲನೆಯ ವ್ಯವಸ್ಥೆಯನ್ನೇ ಮರುಪರಿಶೀಲಿಸಲು ಕೋರಬಹುದು. ಜೀವನಾಂಶ ನಿಲ್ಲಿಸುವುದು ಮಾತ್ರ ಪರಿಹಾರವಲ್ಲ. ಭೇಟಿ ಎಂಬುದು ಜೀವನಾಂಶಕ್ಕೆ ಸಿಗುವ ರಸೀದಿಯಲ್ಲ. ಇದೇ ಮಾತು ತಿರುಗುಮುರುಗಾಗಿಯೂ ನಿಲ್ಲುತ್ತದೆ. ಈ ತಿಂಗಳ ಹಣ ಬರಲಿಲ್ಲವೆಂದು ಮಗುವನ್ನು ಅಪ್ಪನಿಗೆ ತೋರಿಸದೆ ಇರುವ ಹಕ್ಕು ತಾಯಿಗೂ ಇಲ್ಲ. ಅಪ್ಪನ ಹಣ, ಅಪ್ಪನ ಒಡನಾಟ, ಎರಡೂ ಮಗುವಿಗೇ ಸೇರಿದವು. ಒಬ್ಬರು ಒಂದನ್ನು ಕಿತ್ತುಕೊಂಡರೆಂದು ಇನ್ನೊಬ್ಬರು ಇನ್ನೊಂದನ್ನು ಕಿತ್ತುಕೊಂಡರೆ ಮಗು ಎರಡು ಸಲ ಕಳೆದುಕೊಳ್ಳುತ್ತದೆ.

ತಾಯಿಯ ಸಂಬಳದ ಪ್ರಶ್ನೆಗೂ ಉತ್ತರ ಸ್ಪಷ್ಟವಾಗಿದೆ. ಆಕೆ ದುಡಿಯುತ್ತಿದ್ದರೆ ಆಕೆಯ ಸ್ವಂತ ಜೀವನಾಂಶ ಕಡಿಮೆಯಾಗಬಹುದು, ಕೆಲವೊಮ್ಮೆ ಸಿಗದೆಯೂ ಇರಬಹುದು. ಮಗುವಿನ ವಿಷಯದಲ್ಲಿ ಆಕೆಯ ಸಂಬಳ ತಂದೆಯ ಹೊಣೆಯನ್ನು ಹಂಚಿಕೊಳ್ಳುತ್ತದೆ, ಅಳಿಸುವುದಿಲ್ಲ. ತಂದೆ ತಾಯಿ ಇಬ್ಬರೂ ದುಡಿಯುತ್ತಿದ್ದ 2000ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅವರ ಆದಾಯ ನೋಡಿ, ಮಕ್ಕಳ ಖರ್ಚನ್ನು 2:1ರ ಪ್ರಮಾಣದಲ್ಲಿ ಹೊರಬೇಕು ಎಂದಿತು. ಎರಡು ಪಾಲು ತಂದೆಯದು, ಒಂದು ತಾಯಿಯದು. ಅದೇ ನ್ಯಾಯಾಲಯದ 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪೂ ತಾಯಿಗೆ ಸಾಕಷ್ಟು ಆದಾಯವಿದ್ದರೆ ಮಗುವಿನ ಖರ್ಚನ್ನು ಇಬ್ಬರೂ ಪ್ರಮಾಣಾನುಸಾರ ಹಂಚಿಕೊಳ್ಳಬಹುದು ಎಂದಿದೆ. ಹಂಚಿಕೆಯ ಈ ಲೆಕ್ಕದಲ್ಲಿ ಬಾರದ ದುಡಿಮೆಯೂ ಒಂದಿದೆ. ರಾತ್ರಿ ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವಳು ಮರುದಿನ ಕೆಲಸಕ್ಕೆ ರಜೆ ಹಾಕುತ್ತಾಳೆ. ಆ ರಜೆಯ ಸಂಬಳ ಅವಳ ಖಾತೆಯಿಂದಲೇ ಹೋಗುತ್ತದೆ.

ತಂದೆಗೆ ಕೆಲಸವೇ ಇಲ್ಲದಿದ್ದರೆ? ಅರ್ಜಿ ಬಿದ್ದ ಮೇಲೆ ಕೆಲಸ ಬಿಟ್ಟವರ, ಅಂಗಡಿಯನ್ನು ತಮ್ಮನ ಹೆಸರಿಗೆ ಮಾಡಿದವರ, ಜಮೀನನ್ನು ಅಪ್ಪನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟವರ ಸಂಖ್ಯೆ ಕಡಿಮೆಯಿಲ್ಲ. ದೇಹದಲ್ಲಿ ಶಕ್ತಿ ಇರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೂ 2022ರಲ್ಲೂ ಹೇಳಿದೆ. ನಿಜವಾಗಿ ಆದಾಯ ಕುಸಿದವನಿಗೆ ಕಾನೂನು ಬಾಗಿಲು ಮುಚ್ಚಿಲ್ಲ. ಪರಿಸ್ಥಿತಿ ಬದಲಾದರೆ ಮೊತ್ತವನ್ನು ಇಳಿಸಲು ಅಥವಾ ಏರಿಸಲು ನಾಗರಿಕ ಸುರಕ್ಷಾ ಸಂಹಿತೆಯ 146ನೇ ಸೆಕ್ಷನ್ ಇದೆ. ಹೇಳದೆ ಕೇಳದೆ ನಿಲ್ಲಿಸಿಬಿಡುವುದಕ್ಕೂ ನ್ಯಾಯಾಲಯಕ್ಕೆ ಹೋಗಿ ಇಳಿಸಿ ಎಂದು ಕೇಳುವುದಕ್ಕೂ ಬಹಳ ಅಂತರವಿದೆ.

ಮೊತ್ತ ಎಷ್ಟು ಎಂಬ ಪ್ರಶ್ನೆಗೆ ‘ಸಂಬಳದ ಕಾಲು ಭಾಗ’ ಎಂಬ ಸಿದ್ಧ ಉತ್ತರ ಚಾಲ್ತಿಯಲ್ಲಿದೆ. ಶೇಕಡಾ 25ರ ಮಾತು 1970 ಮತ್ತು 2017ರ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಬಂದದ್ದು ನಿಜ. ಆದರೆ ಅದು ಬಂದದ್ದು ಪತ್ನಿಯ ಜೀವನಾಂಶದ ಸಂದರ್ಭದಲ್ಲಿ, ಆಯಾ ಪ್ರಕರಣದ ಸಂಗತಿಗಳ ಮೇಲೆ. ಮಗುವಿನ ಮೊತ್ತಕ್ಕೆ ಭಾರತದ ಯಾವ ಕಾಯ್ದೆಯೂ ಶೇಕಡಾವಾರು ನಿಗದಿ ಮಾಡಿಲ್ಲ. ಒಂದು ಕಾಲದಲ್ಲಿ 125ನೇ ಸೆಕ್ಷನ್ ಅಡಿಯಲ್ಲಿ ತಿಂಗಳಿಗೆ 500 ರೂಪಾಯಿ ದಾಟುವಂತಿರಲಿಲ್ಲ. ಆ ಮಿತಿಯನ್ನು 2001ರ ತಿದ್ದುಪಡಿ ತೆಗೆದುಹಾಕಿತು, ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟು ಇತ್ಯರ್ಥ ಮಾಡಬೇಕೆಂದೂ ಹೇಳಿತು. ಇಂದು ಮೊತ್ತ ನಿಲ್ಲುವುದು ಇಬ್ಬರ ಆದಾಯ, ಆಸ್ತಿ, ಸಾಲ, ಮಗುವಿನ ಅಗತ್ಯಗಳ ಮೇಲೆ. ಅದಕ್ಕಾಗಿಯೇ ರಜನೀಶ್–ನೇಹಾ ತೀರ್ಪು ಎರಡೂ ಪಕ್ಷಗಳು ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸುವುದನ್ನು ಕಡ್ಡಾಯ ಮಾಡಿತು, ಜೀವನಾಂಶವನ್ನು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಎಂದಿತು. ಕೆಳಗಿನ ನ್ಯಾಯಾಲಯಗಳು ಅದನ್ನು ಪಾಲಿಸುತ್ತಿಲ್ಲವೆಂದು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನೆನಪಿಸಬೇಕಾಯಿತು.

ಹೀಗಿರುವಾಗ ಅರ್ಜಿ ಬರೆಯುವ ರೀತಿಯೇ ಮುಖ್ಯವಾಗುತ್ತದೆ. ‘ನನಗೂ ಮಗುವಿಗೂ ಸೇರಿ 15,000 ಕೊಡಿಸಿ’ ಎಂಬ ಅರ್ಜಿಯಲ್ಲಿ ಮಗುವಿನ ಪಾಲು ಎಷ್ಟೆಂದು ಯಾರಿಗೂ ತಿಳಿಯದು. ತಾಯಿ ಕೆಲಸಕ್ಕೆ ಸೇರಿದ ದಿನ ಅಥವಾ ಮರುಮದುವೆಯಾದ ದಿನ ಇಡೀ ಮೊತ್ತಕ್ಕೇ ಕುತ್ತು ಬರುತ್ತದೆ. ಮಗುವನ್ನು ಪ್ರತ್ಯೇಕ ಅರ್ಜಿದಾರ ಎಂದು ಸೇರಿಸಿ, ಶಾಲೆಯ ರಸೀದಿ, ವ್ಯಾನಿನ ಬಾಡಿಗೆ, ಪುಸ್ತಕ ಸಮವಸ್ತ್ರದ ಬಿಲ್ಲು, ಡಾಕ್ಟರ ಚೀಟಿ, ಮನೆ ಬಾಡಿಗೆಯಲ್ಲಿ ಮಗುವಿನ ಭಾಗ ಎಲ್ಲವನ್ನೂ ಪಟ್ಟಿ ಮಾಡಿ, ವರ್ಷ ವರ್ಷ ಏರಿಕೆಯನ್ನೂ ಕೇಳಿದರೆ ಆದೇಶ ಮಗುವಿನ ಹೆಸರಿನಲ್ಲಿ ನಿಲ್ಲುತ್ತದೆ.

ಮರುಮದುವೆಯ ಪ್ರಶ್ನೆಗೆ ಹೆಚ್ಚು ವಿವರಣೆ ಬೇಡ. ಮಾಜಿ ಪತ್ನಿ ಮರುಮದುವೆಯಾದರೆ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಅಡಿಯ ಅವಳ ಜೀವನಾಂಶವನ್ನು ನ್ಯಾಯಾಲಯ ರದ್ದು ಮಾಡಬಹುದು. ಮಗುವಿನ ತಂದೆ ಮಾತ್ರ ಬದಲಾಗುವುದಿಲ್ಲ, ಹೊಸ ಗಂಡ ಕಾನೂನುಬದ್ಧವಾಗಿ ದತ್ತು ತೆಗೆದುಕೊಳ್ಳದ ಹೊರತು. ಧರ್ಮದ ವಿಷಯದಲ್ಲೂ ಗೊಂದಲ ಬೇಕಿಲ್ಲ: ಮುಸ್ಲಿಂ ತಂದೆ ವಿಚ್ಛೇದನದ ನಂತರ ಮಕ್ಕಳನ್ನು ಎರಡು ವರ್ಷ ಮಾತ್ರ ನೋಡಿಕೊಂಡರೆ ಸಾಕು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1997ರಲ್ಲೇ ತಳ್ಳಿಹಾಕಿದೆ.

ವಯಸ್ಸಿನ ಪ್ರಶ್ನೆಯಲ್ಲಿ ಜನಾಭಿಪ್ರಾಯವಷ್ಟೇ ಅಲ್ಲ, ಕಾನೂನೇ ಮಗುವನ್ನು ಅರ್ಧದಾರಿಯಲ್ಲಿ ಕೈಬಿಡುತ್ತದೆ. ಗಂಡುಮಗುವಿನ ಹಕ್ಕು ಸಾಮಾನ್ಯವಾಗಿ 18ಕ್ಕೆ ಮುಗಿಯುತ್ತದೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾಗದ ಮಕ್ಕಳಿಗೆ ಮಾತ್ರ ಅದು ಮುಂದುವರಿಯುತ್ತದೆ. ಮದುವೆಯಾಗದ, ಸ್ವಂತ ಆದಾಯವಿಲ್ಲದ ಹಿಂದೂ ಮಗಳು 18ರ ನಂತರವೂ 1956ರ ಕಾಯ್ದೆಯ ಅಡಿಯಲ್ಲಿ ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕರ್ನಾಟಕದ ಮಗುವಿನ ಬದುಕಿಗೆ ಈ 18ನ್ನು ಹೊಂದಿಸಿ ನೋಡಿದರೆ ಅದರ ಕ್ರೌರ್ಯ ತಿಳಿಯುತ್ತದೆ. ಆರಕ್ಕೆ ಒಂದನೇ ತರಗತಿ ಸೇರಿದ ಹುಡುಗ ದ್ವಿತೀಯ ಪಿಯು ಮುಗಿಸುವುದು ಸರಿಯಾಗಿ 18ಕ್ಕೆ. ಸಿಇಟಿ, ಕಾಲೇಜು ಶುಲ್ಕ, ಹಾಸ್ಟೆಲ್ ಎಂದು ಖರ್ಚು ಏರುವ ಬೇಸಿಗೆಯಲ್ಲೇ ಅಪ್ಪನ ಹೊಣೆ ಮುಗಿದಂತಾಗುತ್ತದೆ. ಮಗ 18 ದಾಟಿದೊಡನೆ ಅವನ ಓದಿನ ಹೊರೆ ಪೂರ್ತಿ ತಾಯಿಯ ಮೇಲೆ ಬೀಳುವುದನ್ನು ಗಮನಿಸಿ ದೆಹಲಿ ಹೈಕೋರ್ಟ್ 2021ರಲ್ಲಿ ತಾಯಿಗೆ ತಿಂಗಳಿಗೆ 15,000 ರೂಪಾಯಿ ಕೊಡಿಸಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪತ್ನಿಗೆ 5 ಕೋಟಿ ಕೊಡಿಸಿದ ಸುದ್ದಿ ಎಲ್ಲೆಡೆ ಚರ್ಚೆಯಾಯಿತು. ಅದೇ ತೀರ್ಪು ವಯಸ್ಕ ಮಗನಿಗೆ ಬೇರೆಯಾಗಿ 1 ಕೋಟಿ ತೆಗೆದಿರಿಸಿದ್ದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಇವು ಆಯಾ ಪ್ರಕರಣದ ಆದೇಶಗಳೇ ಹೊರತು ಎಲ್ಲರಿಗೂ ಸಿಗುವ ಹಕ್ಕಲ್ಲ. ಅಗತ್ಯವಿದ್ದರೆ 25ರವರೆಗೂ ಮಗುವಿನ ಜೀವನಾಂಶ ಮುಂದುವರಿಸುವ ಅಧಿಕಾರ ನ್ಯಾಯಾಲಯಕ್ಕಿರಲಿ ಎಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಅದು ಕಾನೂನಾಗುವವರೆಗೆ, ರಾಜಿಪತ್ರದಲ್ಲೇ ಪದವಿ ಮುಗಿಯುವವರೆಗಿನ ಖರ್ಚನ್ನು ಬರೆಸಿಕೊಳ್ಳುವುದೊಂದೇ ಭದ್ರವಾದ ದಾರಿ.

ಆದೇಶ ಬಂದರೂ ಹಣ ಬಾರದಿದ್ದರೆ ಏನು ಮಾಡಬೇಕೆಂಬುದು ಎಲ್ಲರೂ ಕೇಳುವ, ಕೆಲವರಿಗೆ ಮಾತ್ರ ಸರಿಯಾದ ಉತ್ತರ ಸಿಗುವ ಪ್ರಶ್ನೆ. ಬಾಕಿ ವಸೂಲಿಗೆ ವಾರಂಟ್ ಹೊರಡಿಸಬಹುದು, ಆಗಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ‘ಜೈಲಿಗೆ ಹೋಗಿ ಬಂದೆ, ಬಾಕಿ ಚುಕ್ತಾ’ ಎಂಬ ಮಾತು ಸುಳ್ಳು. ಜೈಲು ಬಾಕಿಯನ್ನು ಅಳಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಸಂಬಳದಾರನಾದರೆ ಸಂಬಳವನ್ನೇ ಜಪ್ತಿ ಮಾಡಿಸಬಹುದು. ಜೀವನಾಂಶದ ಡಿಕ್ರಿಯ ವಿಷಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ ಜಪ್ತಿಯಿಂದ ರಕ್ಷಣೆ ಕೊಟ್ಟಿರುವುದು ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ, ಉಳಿದದ್ದು ಜಪ್ತಿಗೆ ಒಳಪಡುತ್ತದೆ. ಆದರೆ ಒಂದು ಗಡುವನ್ನು ಮರೆಯುವಂತಿಲ್ಲ: ವಾರಂಟ್‌ಗಾಗಿ ಆಯಾ ತಿಂಗಳ ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ಇಂದಲ್ಲ ನಾಳೆ ಕೊಟ್ಟಾನು ಎಂದು ಕಾಯುವ ತಾಯಿ ತಿಂಗಳು ತಿಂಗಳೂ ಈ ದಾರಿಯನ್ನು ಕಳೆದುಕೊಳ್ಳುತ್ತಾಳೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಬೇರೆ ರೀತಿಯ ವ್ಯವಸ್ಥೆಯ ಪರಿಚಯವಿದೆ. ಅಲ್ಲಿ ಪ್ರತಿ ರಾಜ್ಯಕ್ಕೂ ಮಗುವಿನ ಮೊತ್ತ ಲೆಕ್ಕಹಾಕುವ ಮಾರ್ಗಸೂಚಿ ಇದೆ, ಹಣವನ್ನು ಉದ್ಯೋಗದಾತರೇ ಸಂಬಳದಿಂದ ಮುರಿದುಕೊಳ್ಳುತ್ತಾರೆ, ಬಾಕಿ 2,500 ಡಾಲರ್ ದಾಟಿದರೆ ಅಮೆರಿಕದ ಪ್ರಜೆಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಅಲ್ಲೂ ಲೋಪಗಳಿವೆ, ಆದರೆ ಮಗುವಿನ ಹಣಕ್ಕಾಗಿ ತಾಯಿ ವರ್ಷಗಟ್ಟಲೆ ವಾಯಿದೆಯಿಂದ ವಾಯಿದೆಗೆ ಅಲೆಯಬೇಕು ಎಂಬುದನ್ನು ಆ ವ್ಯವಸ್ಥೆ ಸಹಜವೆಂದು ಒಪ್ಪಿಕೊಂಡಿಲ್ಲ. ಇಲ್ಲಿ ಒಪ್ಪಿಕೊಂಡಿದ್ದೇವೆ.

ಎದುರುವಾದಗಳಲ್ಲಿ ಗಟ್ಟಿಯಾದದ್ದು ಒಂದಿದೆ: ಕೊಟ್ಟ ಹಣ ಮಗುವಿಗೇ ಖರ್ಚಾಗುತ್ತದೆಂಬ ಖಾತರಿ ಏನು? ಅಕ್ಕಿ, ಗ್ಯಾಸ್, ಕರೆಂಟು, ಬಾಡಿಗೆಯಲ್ಲಿ ಅಮ್ಮನ ಪಾಲು ಇಷ್ಟು, ಮಗುವಿನ ಪಾಲು ಇಷ್ಟು ಎಂದು ಬೇರ್ಪಡಿಸಲಾಗದು ಎಂಬುದು ಒಂದು ಉತ್ತರ. ಸಂಶಯ ಅಷ್ಟು ಇರುವವನಿಗೆ ಇನ್ನೂ ನೇರವಾದ ಉತ್ತರವಿದೆ. ಶಾಲಾ ಶುಲ್ಕವನ್ನು ಶಾಲೆಗೇ ಕಟ್ಟುತ್ತೇನೆ, ಆರೋಗ್ಯ ವಿಮೆಯ ಕಂತನ್ನು ನಾನೇ ತುಂಬುತ್ತೇನೆ, ಇಷ್ಟು ಹಣವನ್ನು ಮಗುವಿನ ಹೆಸರಿನ ಠೇವಣಿಗೆ ಹಾಕುತ್ತೇನೆ ಎಂದು ಅವನೇ ನ್ಯಾಯಾಲಯದ ಮುಂದೆ ಹೇಳಬಹುದು, ನ್ಯಾಯಾಲಯಗಳು ಅಂಥ ಆದೇಶ ಮಾಡುತ್ತವೆ. ಈ ದಾರಿ ತೆರೆದಿರುವಾಗ ದುರ್ಬಳಕೆಯ ಮಾತೆತ್ತಿ ಪೂರ್ತಿ ಹಣ ನಿಲ್ಲಿಸುವವನ ಚಿಂತೆ ಮಗುವಿನದಲ್ಲ. ಅತಿಯಾದ ಬೇಡಿಕೆ ಇಡುವವರು, ಸುಳ್ಳು ಆದಾಯ ಹೇಳುವವರು ಎರಡೂ ಕಡೆ ಇದ್ದಾರೆ. ಪ್ರಮಾಣಪತ್ರದಲ್ಲಿ ಸುಳ್ಳು ಬರೆದವರ ಮೇಲೆ ಕ್ರಮಕ್ಕೂ ಅವಕಾಶವಿದೆ. ಅವರಿಗಾಗಿ ಮಗುವಿನ ಅನ್ನ ಕಡಿತವಾಗಬೇಕಿಲ್ಲ.

ಈ ರೂಢಿಯನ್ನು ಮುರಿಯಲು ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ರಾಜಿಪತ್ರ ಬರೆಯುವ ವಕೀಲರು ‘ಮಗುವೂ ಯಾವ ಹಕ್ಕನ್ನೂ ಸಾಧಿಸತಕ್ಕದ್ದಲ್ಲ’ ಎಂಬ ಸಾಲನ್ನು ಇಂದೇ ಕೈಬಿಡಬಹುದು. ಪಂಚಾಯಿತಿಗೆ ಕೂರುವ ಹಿರಿಯರು ಮಗುವಿನ ಮೊತ್ತವನ್ನು ಬೇರೆ ಮಾಡಿ ಮಾತಾಡಬಹುದು. ನ್ಯಾಯಾಲಯಗಳು ಪ್ರತಿ ಆದೇಶದಲ್ಲೂ ಮಗುವಿನ ಪಾಲನ್ನು ಪ್ರತ್ಯೇಕವಾಗಿ ಬರೆಯಬಹುದು. ಈಗಾಗಲೇ ಸಹಿ ಹಾಕಿ ಸುಮ್ಮನಾಗಿರುವ ತಾಯಂದಿರು ಮಗುವಿನ ಪರವಾಗಿ ತಾವಿರುವ ಊರಿನಲ್ಲೇ ಅರ್ಜಿ ಹಾಕಲಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೂ ಹಿಂಜರಿಯಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ, ಅದನ್ನು ಕೇಳಲು ಇರುವ ಸಹಾಯವಾಣಿ 15100.